ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಾಗ

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕು, ಮನೆ ಹೊಳೆದಂಡೆಗೆ ಹತ್ತಿರ. ಕಟ್ಟೆಯಿಂದ ಹೆಚ್ಚು ನೀರು ಬಿಡುತ್ತಾರೆಂದು ಮೈಕಿನಲ್ಲಿ ಸಾರಿದಾಗ ಮೊದಲು ಏನು ಮಾಡಬೇಕು? ನೆರೆ ಇಳಿದ ಮೇಲೆ ಸಂಪಿನ ನೀರು ಬಳಸಬಹುದೇ?

ಉತ್ತರ: ಮೈಕಿನವರು ಬರುವತನಕ ಕಾಯಬೇಡಿ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ನೀರು ಅದರ ಹತ್ತಿರ ಬಂತೆಂದು ಪತ್ರಿಕೆಯಲ್ಲಿ ಕಂಡ ದಿನವೇ ಸಿದ್ಧರಾಗಿ. ಆಮೇಲೆ ಕೊಡಗಿನಲ್ಲಿ ಮಳೆ ಸುರಿದರೆ ಬಂದ ನೀರನ್ನು ಹೊಳೆಗೇ ಬಿಡಬೇಕಾಗುತ್ತದೆ. ನಿಮ್ಮೂರಲ್ಲಿ ಬಿಸಿಲಿದ್ದರೂ ನೆರೆ ಬರುತ್ತದೆ. ಪಹಣಿ, ಆಧಾರ್, ರೇಷನ್ ಕಾರ್ಡು, ವಾರಕ್ಕಾಗುವಷ್ಟು ಮಾತ್ರೆ ಎಲ್ಲವನ್ನೂ ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.

ಸಾರಿದ ಕೂಡಲೇ ದನಕರುಗಳನ್ನು ದಿಬ್ಬಕ್ಕೆ ಹೊಡೆಯಿರಿ. ಅಷ್ಟು ಹೊತ್ತಿಲ್ಲದಿದ್ದರೆ ಹಗ್ಗವನ್ನಾದರೂ ಬಿಚ್ಚಿ. ಬಿಚ್ಚಿದ ದನ ಈಜೀತು, ಗೂಟಕ್ಕೆ ಕಟ್ಟಿದ್ದು ನಿಂತಲ್ಲೇ ಮುಳುಗುತ್ತದೆ.

ನೆಲ ಒಣಗಿರುವಾಗಲೇ ಮೇನ್ ಸ್ವಿಚ್ ತೆಗೆಯಿರಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ: ಮೇನ್ ತೆಗೆದರೂ ಬ್ಯಾಟರಿಯಿಂದ ಪ್ಲಗ್ಗುಗಳಿಗೆ ಕರೆಂಟು ಹರಿಯುತ್ತಲೇ ಇರುತ್ತದೆ, ಜನ ಮರೆಯುವುದು ಇದನ್ನೇ. ಕಾಲಡಿಗೆ ಆಗಲೇ ನೀರು ಬಂದಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಆರಿಸಲು ನೀರು ನಿಂತ ಗದ್ದೆಗೆ ದಯವಿಟ್ಟು ಇಳಿಯಬೇಡಿ. ಮೋಟಾರು ಹೋದರೆ ಹೋಗಲಿ.

ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಕಿಟಕಿ ಸರಳಿಗೆ ನೆಟ್ಟಗೆ ಕಟ್ಟಿ. ಗ್ಯಾಸ್ ಕಮ್ಮಿಯಾದ ಸಿಲಿಂಡರ್ ನೀರಿನಲ್ಲಿ ತೇಲಿಹೋಗುತ್ತದೆ.

ಇನ್ನು ಸಂಪು. ನೆರೆನೀರು ಒಳಹೊಕ್ಕಿದ್ದರೆ ತಿಳಿಯಾಗಿ ಕಂಡರೂ ಬಳಸಬೇಡಿ, ಅದರಲ್ಲಿ ಶೌಚಗುಂಡಿಯ ನೀರೂ ಬೆರೆತಿರುತ್ತದೆ. ಪೂರ್ತಿ ಖಾಲಿ ಮಾಡಿ, ಕೆಸರು ತೆಗೆದು, ಗೋಡೆ ಉಜ್ಜಿ ತೊಳೆಯಿರಿ. ಒಳಗೆ ಉಸಿರುಕಟ್ಟುವ ಅಪಾಯವಿದೆ: ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟ ಮೇಲೇ ಇಳಿಯಬೇಕು, ಮೇಲೊಬ್ಬರು ನಿಂತಿರಲೇಬೇಕು.

ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ; ಐದು ಸಾವಿರ ಲೀಟರಿನ ಸಂಪಿಗೆ ಸುಮಾರು 12.5 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ ಒಂದು ಗಂಟೆ ಕಾಯಿರಿ. ನೀರು ರಾಡಿಯಾಗಿದ್ದರೆ ಕ್ಲೋರಿನ್ನೆಲ್ಲ ಆ ಮಣ್ಣಿಗೇ ತೀರಿಹೋಗುತ್ತದೆ, ಹಾಗಾಗಿ ಮೊದಲು ತಿಳಿಗೊಳಿಸಬೇಕು. ಕುಡಿಯುವ ನೀರನ್ನಂತೂ ಮಳಮಳ ಕುದಿಸಿಯೇ ಕುಡಿಯಿರಿ. ಹಳೆಯ ಬ್ಲೀಚಿಂಗ್ ಪೌಡರ್ ನಂಬಬೇಡಿ. ಪೊಟ್ಟಣ ಬಿಚ್ಚಿದಾಗ ಘಾಟು ಬರದಿದ್ದರೆ ಅದರಲ್ಲಿ ಉಳಿದಿರುವುದು ಬರೀ ಸುಣ್ಣ.