ಅನಿಮಲ್ ಅಂದ್ರ ಯಾರ‍್ಯಾರು?

ಪ್ರಶ್ನೆ: ಸರ, ನಮ್ಮ ಮಗಳ ಸೈನ್ಸ್ ಬುಕ್ಕಿನ್ಯಾಗ ಇರುವಿ, ಮೀನ, ಮನುಷ್ಯಾ ಎಲ್ಲಾನೂ ಅನಿಮಲ್ ಅಂತ ಐತಿ. ಅವ್ರ ಅಜ್ಜಿ ಒಪ್ಪವಲ್ರು, ನಾಕ ಕಾಲಿಂದಷ್ಟ ಅನಿಮಲ್ ಅಂತಾರ. ಯಾವ್ದು ಖರೆ? ಈ ಶಬ್ದ ಎಲ್ಲಿಂದ ಬಂತ್ರಿ?
– ಒಬ್ಬ ಓದುಗರು, ಬಸವನ ಬಾಗೇವಾಡಿ

ಉತ್ತರ: ಇಬ್ಬರದೂ ಖರೇನ ರೀ. ಸ್ವೀಡನ್ನಿನ ಲಿನೇಯಸ್ 1735ರಾಗ ಜೀವಗಳನ್ನ ವಿಂಗಡ ಮಾಡುಮುಂದ ಮನುಷ್ಯಾನ್ನೂ ಪ್ರಾಣಿಗಳ ಸಾಲಿನ್ಯಾಗ ಕುಂಡ್ರಿಸಿಬಿಟ್ಟ, ಬುಕ್ಕಿನವರು ಅದನ್ನ ಹಿಡಕೊಂಡಾರ. ಆದ್ರ ಇಂಗ್ಲಿಷ್ ಮಂದಿನೂ ಮನ್ಯಾಗ ಮಾತಾಡುಮುಂದ ಅಜ್ಜಿ ಕಡೀಗೇ ಇರ್ತಾರ, ಮನುಷ್ಯಾಗ ಅನಿಮಲ್ ಅಂದ್ರ ಅಲ್ಲೂ ಅದು ಬೈಗಳಾನ.

ಶಬ್ದ ಲ್ಯಾಟಿನ್ನಿಂದು. ಅನಿಮಾ ಅಂದ್ರ ಉಸಿರು, ಜೀವ. ಉಸಿರಿದ್ದದ್ದು ಅನಿಮಲ್, ಚಿತ್ರಕ್ಕ ಜೀವ ತುಂಬೂದು ಅನಿಮೇಶನ್. ಈಗ ನಮ್ಮ ಪ್ರಾಣಿ ನೋಡ್ರಿ, ಸಂಸ್ಕೃತದಾಗ 'ಅನ್' ಅಂದ್ರ ಉಸಿರಾಡು, ಅದರ ಹಿಂದ 'ಪ್ರ' ಹಚ್ಚಿದ್ರ ಪ್ರಾಣ, ಅದು ಇದ್ದದ್ದು ಪ್ರಾಣಿ, ಗಾಳಿಗೆ ಅನಿಲ ಅನ್ನೂದೂ ಅದರಿಂದನ, ಮತ್ತ ಈ 'ಅನ್' ಮತ್ತು ಲ್ಯಾಟಿನ್ನಿನ ಅನಿಮಾ ಎರಡೂ ಒಂದ ಬೇರಿನವು ಅಂತ ಭಾಷಾಶಾಸ್ತ್ರದವರು ಹೇಳ್ತಾರ. ಇಷ್ಟಕ್ಕ ಮುಗೀಲಿಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರ್ಯಾಗ ಜಾನುವಾರ ಸಂತಿ ಕೂಡತೈತಲ್ಲ, ಆ ಜಾನುವಾರು ಫಾರ್ಸಿಯ ಜಾನ್‌ವರ್, ಜಾನ್ ಅಂದ್ರ ಜೀವ, 'ವರ್' ಅಂದ್ರ ಉಳ್ಳದ್ದು. ಆದ್ರ ನಮ್ಮ ಕಡೆ ಅದು ಆಕಳಾ ಎಮ್ಮಿ ಎತ್ತಿಗಷ್ಟ ನಿಂತು, ಇರುವಿಗೆ ಯಾರೂ ಜಾನುವಾರ ಅನ್ನಂಗಿಲ್ಲ. ಅಂದ್ರ ಅಜ್ಜಿ ಹೇಳಿದ ನಾಕ ಕಾಲಿನ ಲೆಕ್ಕ ಸುಳ್ಳಲ್ಲ.

ಅನಿಮಲ್ ಇಂಗ್ಲಿಷಿಗೆ ತಡಾ ಮಾಡಿ ಬಂದ ಬೀಗರು. 1600ಕ್ಕಿಂತ ಮೊದ್ಲು ಅದರ ಬಳಕಿ ಕಡಿಮಿ, 1611ರ ಕಿಂಗ್ ಜೇಮ್ಸ್ ಬೈಬಲ್ಲಿನ್ಯಾಗ ಹುಡುಕಿದ್ರೂ ಸಿಗಂಗಿಲ್ಲ, ಅಲ್ಲಿ ಫ್ರೆಂಚಿನಿಂದ ಬಂದ ಬೀಸ್ಟ್‌ನದ ಕಾರಭಾರ. ಅದಕ್ಕೂ ಹಿಂದ ಇಂಗ್ಲಿಷಿನವರ ಸ್ವಂತ ಶಬ್ದ ಯಾವ್ದಿತ್ತು ಗೊತ್ತೇನ್ರಿ? ಡಿಯರ್! ಇವತ್ತು ಜಿಂಕಿಗೆ ಅಂತಾರಲ್ಲ, ಅದ. ಆಗ ಯಾವ ಪ್ರಾಣಿಗಾದ್ರೂ ನಡೀತಿತ್ತು, ಜರ್ಮನ್ನಿನ್ಯಾಗ ಅದರ ಜೋಡಿ ಶಬ್ದ 'ಟೀರ್' ಈಗೂ ಪ್ರಾಣಿ ಅಂತನ ಐತಿ.

ನಮ್ಮ ಮೃಗದ ಕಥಿನೂ ಹಿಂಗ. ಮೃಗರಾಜ ಅಂದ್ರ ಸಿಂಹ, ಅಲ್ಲಿ ಮೃಗ ಎಲ್ಲಾ ಕಾಡುಪ್ರಾಣಿ. ರೈತರು ದಾರಿ ಕಾಯೂ ಮಿರಗ ಮಳಿ ಮಾತ್ರ ಮೃಗಶಿರಾ ನಕ್ಷತ್ರದ್ದು, ಅಂದ್ರ ಜಿಂಕಿ ತಲಿ. ಫಾರ್ಸಿಯವರು ಇದರ ಅಣ್ಣತಮ್ಮ ಶಬ್ದಾನ ಮುರ್ಗ್ ಅಂತ ಮಾಡಿ ಹಕ್ಕಿಗೆ ಕೊಟ್ರು, ಆಮ್ಯಾಲೆ ಅದು ಕೋಳಿಗೆ ಗಂಟಬಿತ್ತು, ಹೋಟೆಲಿನ ಮುರ್ಗ್ ಮಸಾಲಾ ಅದ.