ಕಲೆ ಅರ್ಥವಾಗಬೇಕಾದರೆ ಮೊದಲು ಯಾವ ಪುಸ್ತಕ ಓದಲಿ?

ಬೇಲೂರಿಗೆ ಹೋಗಿ ಅರ್ಧ ಗಂಟೆಗೇ ಬೇಸರವಾಯಿತು, ಮೊದಲು ಯಾವ ಪುಸ್ತಕ ಓದಿಕೊಂಡು ಹೋಗಬೇಕಿತ್ತು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ಓದಿಕೊಂಡೇ ಸೋಮನಾಥಪುರಕ್ಕೆ ಹೋಗಿದ್ದೆ, ಕೆಟ್ಟಿದ್ದೇ ಅಲ್ಲಿ. ಇದು ಕೇಶವ, ಇದು ಜನಾರ್ದನ ಅಂತ ಗುರುತು ಹಿಡಿಯುವುದು, ಮುಂದಿನದಕ್ಕೆ ಹೋಗುವುದು. ಹೆಸರು ಸಿಕ್ಕ ಕ್ಷಣಕ್ಕೆ ಕಣ್ಣು ಕೆಲಸ ನಿಲ್ಲಿಸಿಬಿಡುತ್ತದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಂಖ, ಚಕ್ರ, ಗದೆ, ಪದ್ಮ ನಾಲ್ಕು ಕೈಗಳಲ್ಲಿ ಯಾವ ಕ್ರಮದಲ್ಲಿವೆ ಅನ್ನುವುದರ ಮೇಲೆ ವಿಷ್ಣುವಿನ 24 ರೂಪಗಳ ಹೆಸರು ನಿಲ್ಲುತ್ತದೆ. ಆ ಕ್ರಮ ಶಾಸ್ತ್ರದ್ದು, ಶಿಲ್ಪಿಯದಲ್ಲ. ಅಂದರೆ ಹೆಸರು ಹುಡುಕುವವನು ಶಿಲ್ಪಿ ತಾನಾಗಿ ನಿರ್ಧರಿಸದೇ ಇದ್ದದ್ದನ್ನು ಮಾತ್ರ ನೋಡಿ ಬರುತ್ತಾನೆ. ಸೊಂಟ ಎಷ್ಟು ಬಾಗಬೇಕು, ಹಾರ ಎದೆಗೆ ಅಂಟಿರಬೇಕೋ ಕೆಳಗೆ ಟೊಳ್ಳು ಬಿಟ್ಟು ನೆರಳು ಬೀಳಿಸಬೇಕೋ, ತಲೆಯ ಮೇಲಿನ ಬಳ್ಳಿಯ ಎಲೆ ಎಷ್ಟು ಆಳಕ್ಕೆ ಕೊರೆಯಬೇಕು: ಇವೆಲ್ಲ ಅವನ ಕೈಯವು. ಅಲ್ಲಿ ಎಷ್ಟೋ ಮೂರ್ತಿಗಳ ಕೈ ಮುರಿದಿವೆ, ಆಯುಧವೇ ಇಲ್ಲ. ಅಂಥವುಗಳ ಮುಂದೆ ಓದಿದ್ದು ಕೈಕೊಡುತ್ತದೆ, ನೋಡುವುದಕ್ಕೆ ಮಾತ್ರ ಬೇಕಾದಷ್ಟು ಉಳಿದಿರುತ್ತದೆ.

ಹಾಗಾಗಿ ದೇವರನ್ನು ಬಿಟ್ಟು ಶಿಲ್ಪಿಯನ್ನು ಹಿಡಿಯಿರಿ. ಹೊಯ್ಸಳರ ರೂವಾರಿಗಳು ಹೆಸರು ಕೆತ್ತಿ ಹೋಗಿದ್ದಾರೆ, ಇದು ನಮ್ಮ ಪುಣ್ಯ. 13ನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಮೂರ್ತಿಯ ಪೀಠ ನೋಡಿ. ಹಳಗನ್ನಡ ಲಿಪಿ, ಒಂದೆರಡು ಅಕ್ಷರ ಗುರುತಾದರೆ ಸಾಕು. ಅವನದು ಎರಡು, ಬೇರೆಯವರದು ಒಂದು, ಒಟ್ಟು ಮೂರೇ ಮೂರ್ತಿ ಆರಿಸಿಕೊಳ್ಳಿ. ಒಂದೊಂದಕ್ಕೂ 20 ನಿಮಿಷ.

ಮೊದಲು ಅಳತೆ. ಪೆನ್ಸಿಲ್ ಹಿಡಿದ ಕೈಯನ್ನು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಹಣೆಯ ಮೇಲಂಚಿನಿಂದ ಗದ್ದದವರೆಗಿನ ಉದ್ದಕ್ಕೆ ಹೆಬ್ಬೆರಳು ಇಡಿ. ಅದೇ ಅಳತೆ ಪಾದದವರೆಗೆ ಎಷ್ಟು ಸಲ ಕೂಡುತ್ತದೆ ಎಣಿಸಿ. ನಡುವೆ ಮೊಣಕೈ ಸ್ವಲ್ಪ ಮಡಚಿದರೂ ಪೆನ್ಸಿಲ್ ಕಣ್ಣಿಗೆ ಹತ್ತಿರವಾಗಿ ಲೆಕ್ಕ ಕೆಡುತ್ತದೆ, ಎರಡು ಸಲ ಎಣಿಸಿ. ಮೂರ್ತಿಗೆ ಶಾಸ್ತ್ರ ಹೇಳುವ ಒಂದು ಅಳತೆ ನವತಾಲ, ಅಂದರೆ ಮುಖದ ಒಂಬತ್ತರಷ್ಟು ಮೈ. ಇಲ್ಲಿ ಮೈ ಕುಳ್ಳಗೆ, ಮುಖ ದುಂಡಗೆ ಕಾಣುತ್ತದೆ. ಆ ಕುಳ್ಳುತನದಿಂದಲೇ ಒಡವೆಗೆ ತೂಕ ಬಂದಿದೆ. ಅದು ಎಣಿಸಿದ ಮೇಲೆ ಕಣ್ಣಿಗೆ ಬೀಳುತ್ತದೆ.

ಆಮೇಲೆ ನೆರಳು. ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ, ಗರ್ಭಗುಡಿಗಳ ಹೊರಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿದೆ. ಬಿಸಿಲು ಒಂದೊಂದು ಮೂಲೆಯನ್ನು ಒಂದೊಂದು ಹೊತ್ತಿನಲ್ಲಿ ಸವರುತ್ತದೆ. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ಮೊಬೈಲ್ ಫ್ಲ್ಯಾಷ್ ನೇರ ಹೊಡೆದರೆ ಆಳವೆಲ್ಲ ಅಳಿಸಿ ಹೋಗುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಇದು. ಅದಕ್ಕೇ ಉಂಗುರದ ಅಂಚೂ ಇಷ್ಟು ಸಣ್ಣಗೆ ಬಂದಿದೆ. ಮುಟ್ಟಬೇಡಿ.

ಕೊನೆಗೆ ಒಂದು ಕೈಬೆರಳಿನ ಗುಂಪನ್ನಷ್ಟೇ ಹತ್ತು ನಿಮಿಷ ಗೀಚಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಬೆರಳು ಗದೆಯನ್ನು ಬಿಗಿಯಾಗಿ ಹಿಡಿದಿದೆಯೋ, ಬರೀ ತಾಗಿಸಿಕೊಂಡಿದೆಯೋ ಅನ್ನುವುದು ಗೀಚುವಾಗಲೇ ತಿಳಿಯುತ್ತದೆ. ಮಲ್ಲಿತಮ್ಮನ ಎರಡನ್ನೂ ಇನ್ನೊಬ್ಬನದನ್ನೂ ಪಕ್ಕ ಪಕ್ಕ ಗೀಚಿಟ್ಟುಕೊಳ್ಳಿ.

ಜಕಣಾಚಾರಿಯ ಕತೆ ಸದ್ಯಕ್ಕೆ ಪಕ್ಕಕ್ಕಿಡಿ. ಎಲ್ಲವನ್ನೂ ಒಬ್ಬನ ಹೆಸರಿಗೆ ಬರೆದರೆ ಕೈ ಕೈಗೂ ಇರುವ ವ್ಯತ್ಯಾಸ ಕಾಣುವುದೇ ಇಲ್ಲ. ಇಷ್ಟಾದ ಮೇಲೆ ಬೇಲೂರಿಗೆ ಇನ್ನೊಮ್ಮೆ ಹೋಗಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಅಲ್ಲಿ ದುಡಿದವರು. ಮದನಿಕೆಯರು ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ, ಬರಿಗಣ್ಣಿಗೆ ಬೆರಳು ಸಿಗುವುದಿಲ್ಲ. ಎಂಟು ಪಟ್ಟಿನ ಬೈನಾಕ್ಯುಲರ್ ಒಯ್ಯಿರಿ. ಹತ್ತು ಪಟ್ಟಿನದು ತಲೆಯೆತ್ತಿ ಹಿಡಿದಾಗ ಕೈ ನಡುಗಿದಷ್ಟೂ ಅದುರುತ್ತದೆ.