ಅಲಾಟ್‌ಮೆಂಟ್ ಬಿಟ್ಟು ಹೋಗುವಾಗ ಸ್ವೀಟ್‌ಕಾರ್ನ್ ಮತ್ತು ಹಣ್ಣಿನ ಗಿಡಗಳನ್ನು ಕಿತ್ತು ಒಯ್ಯಬಹುದೇ?

ಮೊದಲು ಒಂದು ಮಾತು. ಸ್ವೀಟ್‌ಕಾರ್ನ್ ಜೋಳವನ್ನು ಕೀಳಬೇಡಿ. ಇವತ್ತು ಸಂಜೆ ಸಲಿಕೆ ಹಿಡಿದು ಹೋಗಿಬಿಡುತ್ತೀರೇನೋ ಅಂತ ಭಯವಾಗಿ, ಊಟಕ್ಕೂ ಮುಂಚೆ ಇದನ್ನು ಬರೆಯಲು ಕೂತಿದ್ದೇನೆ.

ನೀವು ಬರೆದದ್ದು ಇಷ್ಟು. ಡರ್ಬಿಯಲ್ಲಿ ಆರು ವರ್ಷದಿಂದ ಅಲಾಟ್‌ಮೆಂಟ್ ಮಾಡಿದ್ದೀರಿ. ಜುಲೈ ಕೊನೆಗೆ ಅದನ್ನು ಬಿಟ್ಟುಕೊಟ್ಟು ರೆಡಿಂಗ್‌ಗೆ ಹೋಗಬೇಕು. ಅಲ್ಲಿ ಮನೆಗೆ ಸಣ್ಣ ಹಿತ್ತಲಿದೆ. ಈಗ, ಜೂನ್ ಮಧ್ಯದಲ್ಲಿ, 24 ಸ್ವೀಟ್‌ಕಾರ್ನ್ ಗಿಡ ಎರಡು ಉದ್ದ ಸಾಲಿನಲ್ಲಿ ಮೊಣಕಾಲೆತ್ತರ ಬಂದಿವೆ. ಜೊತೆಗೆ ರುಬಾರ್ಬ್ (ಹುಳಿ ದಂಟಿನ ಗಿಡ), ರಾಸ್ಪ್‌ಬೆರಿ, ಬ್ಲ್ಯಾಕ್‌ಕರಂಟ್ (ಸಣ್ಣ ಕಪ್ಪು ಹಣ್ಣಿನ ಪೊದೆ), ಸ್ಟ್ರಾಬೆರಿ, ಆಸ್ಪರಾಗಸ್ (ಎಳೆ ಚಿಗುರು ತಿನ್ನುವ ತರಕಾರಿ), ಐದು ವರ್ಷದ ಒಂದು ಸೇಬಿನ ಗಿಡ. ಇವುಗಳಲ್ಲಿ ಯಾವುದನ್ನು ಕಿತ್ತು ಒಯ್ಯಬಹುದು? ಹೋದ ವರ್ಷ ಬೇಲಿಗುಂಟ ಒಂದೇ ಸಾಲು ಹಾಕಿದ್ದ ಜೋಳದಲ್ಲಿ ತೆನೆಗೆ ಅರ್ಧ ಕಾಳೇ ಇರಲಿಲ್ಲ, ಯಾಕೆ?

ಊರಲ್ಲಿ ಕೂತು ಓದುವವರಿಗೆ: ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟ್ ಅಂದರೆ ತರಕಾರಿ, ಹಣ್ಣು ಬೆಳೆದುಕೊಳ್ಳಲು ವರ್ಷದ ಬಾಡಿಗೆಗೆ ಸಿಗುವ ತುಂಡು ನೆಲ. ಹೆಚ್ಚಾಗಿ ಕೌನ್ಸಿಲ್‌ನವರದೇ ಇರುತ್ತದೆ. ಜನ ಕೇಳಿದರೆ ಕೌನ್ಸಿಲ್ ಇಂಥ ನೆಲ ಒದಗಿಸಬೇಕು ಅಂತ 1908ರ ಕಾಯ್ದೆಯೇ ಇದೆ. ಪೂರ್ತಿ ತುಂಡು ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನನ್ನದು ಬರ್ಮಿಂಗ್‌ಹ್ಯಾಮ್‌ನಲ್ಲಿ ಅರ್ಧ ತುಂಡು. ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಈ ಸ್ವೀಟ್‌ಕಾರ್ನ್ ಜಾತಿಯ ಜೋಳಕ್ಕೆ ಗೋವಿನಜೋಳ ಅಂತೀವಿ. ಮುಂಗಾರು ಬಿದ್ದರೆ ಕಣ್ಣು ಹಾಯಿಸಿದಷ್ಟು ದೂರ ಅದೇ ಬೆಳೆ. ಅಲ್ಲಿ ತಾನಾಗಿ ಬರುವ ಗಿಡಕ್ಕೆ ಇಲ್ಲಿ ಎಷ್ಟು ಉಪಚಾರ ಬೇಕು ಅನ್ನೋದು ಗೊತ್ತಾಗಲು ನನಗೆ ನಾಲ್ಕು ವರ್ಷ ಹಿಡಿಯಿತು.

ಜೋಳ ಯಾಕೆ ಕೀಳಬಾರದು ಅನ್ನೋದನ್ನು ನಾನು ಮಾಡಿಯೇ ಕಲಿತೆ. ಎಂಟು ವರ್ಷದ ಹಿಂದೆ ನಮ್ಮ ಜಾಗದಲ್ಲೇ ಇನ್ನೊಂದು ಒಳ್ಳೆಯ ತುಂಡು ಸಿಕ್ಕಿತು. ಹಳೆಯದಕ್ಕೂ ಹೊಸದಕ್ಕೂ ಮಧ್ಯೆ ಅರವತ್ತು ಹೆಜ್ಜೆ ಅಷ್ಟೇ. ಮೊಣಕಾಲೆತ್ತರದ 20 ಗಿಡ ಇದ್ದವು. ಹಿಂದಿನ ದಿನ ಚೆನ್ನಾಗಿ ನೀರು ಕೊಟ್ಟೆ. ಮರುದಿನ ಬಿಸಿಲು ಇಳಿದ ಮೇಲೆ ಒಂದೊಂದಕ್ಕೂ ಬುಟ್ಟಿಯಷ್ಟು ಮಣ್ಣಿನ ಹೆಂಟೆ ಸಮೇತ ಎತ್ತಿ, ತಳ್ಳುಗಾಡಿಯಲ್ಲಿ ಒಯ್ದು ನೆಟ್ಟೆ. ಇದಕ್ಕಿಂತ ಜೋಪಾನವಾಗಿ ಮಾಡಲು ಆಗುತ್ತಿರಲಿಲ್ಲ. ಹತ್ತು ದಿನ ಎಲೆ ಸುರುಳಿ ಸುತ್ತಿಕೊಂಡೇ ಇದ್ದವು. ಆಮೇಲೆ ಚೇತರಿಸಿಕೊಂಡವು, ನನಗೂ ಖುಷಿಯಾಯಿತು. ಆದರೆ ನನ್ನ ಸೊಂಟದೆತ್ತರಕ್ಕೇ ಸೂಲಂಗಿ (ಗಿಡದ ತಲೆಯ ಮೇಲಿನ ಹೂಗೊಂಚಲು) ತೆಗೆದವು. ತೆನೆ ಕಿರುಬೆರಳಿನಷ್ಟು. 20 ಗಿಡಕ್ಕೆ ತಿನ್ನುವಂಥ ತೆನೆ ಸಿಕ್ಕಿದ್ದು ಮೂರು.

ಕಾರಣ ಆ ಸಂಜೆಯೇ ಕಣ್ಣಿಗೆ ಬಿದ್ದಿತ್ತು, ನನಗೆ ಅರ್ಥವಾಗಲಿಲ್ಲ ಅಷ್ಟೇ. ಎತ್ತುವಾಗ ಒಂದು ಗಿಡ ಬುಡದಲ್ಲಿ ಮುರಿಯಿತು. ಸುಮ್ನೆ ಕುತೂಹಲಕ್ಕೆ ಚಾಕುವಿನಿಂದ ಅದರ ಕಾಂಡವನ್ನು ಉದ್ದಕ್ಕೆ ಸೀಳಿದೆ. ಈರುಳ್ಳಿ ಪದರದ ಹಾಗೆ ಎಲೆಯೊಳಗೆ ಎಲೆ. ಎಲ್ಲದರ ನಡುವೆ, ಬುಡದಿಂದ ನಾಲ್ಕು ಬೆರಳು ಮೇಲೆ, ಉಗುರಿನಷ್ಟೂ ಇಲ್ಲದ ಒಂದು ಬಿಳಿ ಕುಂಚ. ಅದೇ ಸೂಲಂಗಿ. ಹೊರಗಿನಿಂದ ನೋಡಿದರೆ ಬರೀ ಎಲೆ, ಒಳಗೆ ಹೂವು ಆಗಲೇ ಮೂಡಿತ್ತು. ತೆನೆಯಲ್ಲಿ ಎಷ್ಟು ಸಾಲು ಕಾಳು ಬರಬೇಕು ಅನ್ನೋದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ತೀರ್ಮಾನವಾಗುತ್ತದೆ. ಅದೇ ಸಮಯಕ್ಕೆ ನಾವು ಬೇರು ಕತ್ತರಿಸಿದರೆ ಗಿಡ ಬದುಕಬಹುದು, ಆದರೆ ತೆನೆ ಕಟ್ಟುವ ಶಕ್ತಿ ಉಳಿಯುವುದಿಲ್ಲ. ಜೋಳಕ್ಕೆ ತಾಯಿಬೇರು ಇಲ್ಲ. ನಾರುಬೇರು ಸುತ್ತಲೂ ಹರಡಿ ಪಕ್ಕದ ಗಿಡದ ಬೇರಿನ ಜೊತೆ ಹೆಣೆದುಕೊಂಡಿರುತ್ತದೆ. ಎಷ್ಟು ದೊಡ್ಡ ಹೆಂಟೆ ತೆಗೆದರೂ ಅರ್ಧ ಬೇರು ಹಿಂದೆಯೇ ಉಳಿಯುತ್ತದೆ. ನಿಮ್ಮದಂತೂ ಅರವತ್ತು ಹೆಜ್ಜೆಯ ಪ್ರಯಾಣವಲ್ಲ, ಕಾರಿನಲ್ಲಿ ಎರಡೂವರೆ ಗಂಟೆ. ಅದೂ ಜುಲೈ ಕೊನೆಗೆ, ಗಿಡ ನಿಮ್ಮೆತ್ತರ ಬಂದಾಗ.

ಹಾಗಂತ ಈ ಬೆಳೆ ಹೋಯಿತು ಅಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. ಈಗ ಮೊಣಕಾಲೆತ್ತರ ಇದ್ದರೆ ಜುಲೈ ಮೂರನೇ ವಾರದ ಸುಮಾರಿಗೆ ಸೂಲಂಗಿ ಬಿಚ್ಚುತ್ತದೆ, ತೆನೆಗೆ ಕೂದಲು ಬರುತ್ತದೆ. ಅಂದರೆ ನೀವು ಕೀ ಒಪ್ಪಿಸುವ ಹೊತ್ತಿಗೆ ಗಿಡದ ಮುಖ್ಯ ಕೆಲಸ ಮುಗಿದಿರುತ್ತದೆ. ಆಮೇಲೆ ಬೇಕಾದ್ದು ನೀರು, ಮತ್ತೆ ಮೂರು ನಾಲ್ಕು ವಾರ. ನಿಮ್ಮ ಅಲಾಟ್‌ಮೆಂಟ್ ನೋಡಿಕೊಳ್ಳುವವರಿಗೆ ಇವತ್ತೇ ಒಂದು ಇಮೇಲ್ ಹಾಕಿ. ಜೋಳ ಆಗಸ್ಟ್ ಕೊನೆಗೆ ಬರುತ್ತದೆ, ಒಂದು ದಿನ ಬಂದು ಕುಯ್ದುಕೊಂಡು ಹೋಗಬಹುದಾ, ಅರ್ಧ ಹೊಸಬರಿಗೇ ಬಿಡುತ್ತೇವೆ ಅಂತ ಕೇಳಿ. ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಸರದಿಯಲ್ಲಿ ಕಾದವರು ನಿಮ್ಮ ನಂತರ ಬರುತ್ತಾರೆ. ಮೊದಲ ತಿಂಗಳೇ ಕೈಗೆ ಹನ್ನೆರಡು ತೆನೆ ಸಿಗುತ್ತದೆ ಅಂದರೆ ನೀರು ಹಾಕಲು ಯಾರು ಬೇಡ ಅಂತಾರೆ?

ಹೋಗುವ ಮುಂಚೆ ನೀವು ಮಾಡಲೇಬೇಕಾದ ಕೆಲಸ ಒಂದಿದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ತೆನೆಯ ತುದಿಯಿಂದ ಇಳಿಬೀಳುವ ಕೂದಲಿನ ಒಂದೊಂದು ಎಳೆಯೂ ಒಳಗೆ ಒಂದೊಂದು ಕಾಳಿಗೆ ಸೇರಿದ್ದು. ಆ ಎಳೆಗೆ ಪರಾಗ ಬಿದ್ದರೆ ಆ ಕಾಳು ತುಂಬುತ್ತದೆ. ಬೀಳದಿದ್ದರೆ ಆ ಜಾಗ ಖಾಲಿ. ಪರಾಗ ಬರುವುದು ತಲೆಯ ಮೇಲಿನ ಸೂಲಂಗಿಯಿಂದ, ತರುವುದು ಗಾಳಿ. ಜೇನು ಬಂದರೂ ಅದರಿಂದ ಉಪಯೋಗ ಕಡಿಮೆ. ಬೇಲಿಗುಂಟ ಒಂದೇ ಸಾಲು ಇದ್ದರೆ ಗಾಳಿ ಪರಾಗವನ್ನು ಪಕ್ಕದವರ ಆಲೂಗಡ್ಡೆ ಮಡಿಗೆ ಹಾಕಿ ಹೋಗುತ್ತದೆ. ಅದಕ್ಕೇ ಇದನ್ನು ಚೌಕವಾಗಿ ಹಾಕಬೇಕು: 16 ಗಿಡ ಅಂದರೆ ನಾಲ್ಕು ಸಾಲು, ಸಾಲಿಗೆ ನಾಲ್ಕು, ಗಿಡದಿಂದ ಗಿಡಕ್ಕೆ ಸುಮಾರು 40 ಸೆಂಟಿಮೀಟರ್. ಊರಲ್ಲಿ ಎಕರೆಗಟ್ಟಲೆ ಬಿತ್ತುವುದರಿಂದ ಈ ತೊಂದರೆ ನಾವು ಕಂಡಿರಲೇ ಇಲ್ಲ, ಅಲ್ವಾ?

ಈ ಸಲ ನಿಮ್ಮದು ಎರಡೇ ಸಾಲು. ಆದ್ದರಿಂದ ಕೈಯಾರೆ ಪರಾಗ ಮುಟ್ಟಿಸಿ. ಸೂಲಂಗಿ ಬಿಚ್ಚಿ ಹಳದಿ ಪುಡಿ ಉದುರಲು ಶುರುವಾದ ಮೇಲೆ, ಮಳೆ ಇಲ್ಲದ ದಿನ, ಬೆಳಗ್ಗೆ ಇಬ್ಬನಿ ಆರಿದ ಹೊತ್ತಿಗೆ ಹೋಗಿ. ಸೂಲಂಗಿಯನ್ನು ಮೆಲ್ಲಗೆ ಬಗ್ಗಿಸಿ ಕಾಗದದ ಚೀಲದೊಳಗೆ ತಟ್ಟಿ. ನಾಲ್ಕೈದು ಗಿಡದ ಪುಡಿ ಒಟ್ಟು ಮಾಡಿ, ಪ್ರತಿ ತೆನೆಯ ಹಸಿ ಕೂದಲಿನ ಮೇಲೆ ಉದುರಿಸಿ, ಕುಂಕುಮ ಹಚ್ಚುವಷ್ಟು ಮೆತ್ತಗೆ ಬೆರಳಾಡಿಸಿ. ಎಲ್ಲ ಎಳೆಗಳೂ ಒಂದೇ ದಿನ ಹೊರಗೆ ಬರುವುದಿಲ್ಲ. ತುದಿಯ ಕಾಳಿನ ಎಳೆ ಕೊನೆಗೆ ಬರುತ್ತದೆ. ಹಾಗಾಗಿ ನಾಲ್ಕು ದಿನ ಬಿಡದೆ ಮಾಡಿ. ಆಗಸ್ಟ್‌ನಲ್ಲಿ ತೆನೆ ಸುಲಿದಾಗ ಸಾಲು ಎಣಿಸಿ ನೋಡಿ. 14 ಅಥವಾ 16 ಇರಬಹುದು, ಯಾವಾಗಲೂ ಸಮಸಂಖ್ಯೆಯೇ. ಮಕ್ಕಳಿದ್ದರೆ ಅವರ ಕೈಲಿ ಎಣಿಸಿ, ಬಹಳ ಖುಷಿಪಡುತ್ತಾರೆ.

ಹೊಸಬರಿಗೆ ಒಂದು ಚೀಟಿ ಬರೆದಿಡಿ: ಕೂದಲು ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಮುಸುಕು ಸ್ವಲ್ಪ ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿ. ನೀರು ಬಂದರೆ ಎಳಸು. ಹಾಲು ಬಂದರೆ ಅವತ್ತೇ ಕುಯ್ಯಿರಿ. ಹಿಟ್ಟಿನ ಹಾಗಿದ್ದರೆ ತಡವಾಯಿತು. ನಿಮ್ಮ ಕಡೆ ಬ್ಯಾಡ್ಜರ್ ಕಾಟ ಇದ್ದರೆ ಅದನ್ನೂ ಬರೆಯಿರಿ. ತೆನೆ ಹಣ್ಣಾಗುವ ರಾತ್ರಿಯೇ ಬಂದು ಗಿಡ ಮಲಗಿಸಿ ತಿಂದು ಹೋಗುತ್ತದೆ. ಕಾನೂನಿನ ರಕ್ಷಣೆ ಇರುವ ಪ್ರಾಣಿ, ಅದಕ್ಕೆ ತೊಂದರೆ ಕೊಡುವಂತಿಲ್ಲ. ಬೇಲಿ ಭದ್ರ ಮಾಡಿಕೊಳ್ಳಬೇಕು ಅಷ್ಟೇ.

ಇನ್ನು ಹಣ್ಣಿನ ಗಿಡಗಳು. ಬೇರೂರಿದ ಗಿಡವನ್ನು ಕೀಳುವ ಕಾಲ ಎಲೆ ಉದುರಿ ಅದು ಮಲಗಿರುವಾಗ, ನವೆಂಬರ್‌ನಿಂದ ಮಾರ್ಚ್ ಒಳಗೆ. ಜುಲೈನಲ್ಲಿ ಎಲೆಯೆಲ್ಲ ನೀರು ಕೇಳುತ್ತಿರುತ್ತದೆ, ಬೇರು ಕತ್ತರಿಸಿದರೆ ಕೊಡುವವರು ಯಾರು? ಹಾಗಾಗಿ ನನ್ನ ಸಲಹೆ, ಗಿಡಗಳನ್ನು ಅಲ್ಲೇ ಬಿಡಿ, ಅವುಗಳ ಮರಿ ಒಯ್ಯಿರಿ.

ಸ್ಟ್ರಾಬೆರಿ ಇದಕ್ಕೆ ಸರಿಯಾದ ಗಿಡ, ಸಮಯವೂ ಇದೇ. ಈಗ ಬಿಡುತ್ತಿರುವ ಬಳ್ಳಿಯ ತುದಿಯಲ್ಲಿ ಪುಟ್ಟ ಸಸಿ ಇರುತ್ತದಲ್ಲ, ಅದರ ಕೆಳಗೆ ಮಣ್ಣು ತುಂಬಿದ ಸಣ್ಣ ಕುಂಡ ಇಟ್ಟು, ತಂತಿ ಬಗ್ಗಿಸಿ ಅದುಮಿ. ಬಳ್ಳಿ ಕತ್ತರಿಸಬೇಡಿ, ತಾಯಿಯ ಹಾಲು ಬರುತ್ತಿರಲಿ. ನೀರು ತಪ್ಪಿಸಬೇಡಿ. ಐದಾರು ವಾರದಲ್ಲಿ ಬೇರು ಹಿಡಿಯುತ್ತದೆ. ಆಗ ಬಳ್ಳಿ ಕತ್ತರಿಸಿ ಕುಂಡ ಸಮೇತ ಕಾರಿಗೆ ಹಾಕಿಕೊಳ್ಳಿ. ಹತ್ತು ಹನ್ನೆರಡು ಸಸಿ ಸಾಕು.

ಬ್ಲ್ಯಾಕ್‌ಕರಂಟ್ ದಾಸವಾಳದ ಹಾಗೆ, ಕಡ್ಡಿ ಚುಚ್ಚಿದರೆ ಚಿಗುರುತ್ತದೆ. ಪಕ್ಕದ ತುಂಡಿನವರ ಸ್ನೇಹ ಇದ್ದೇ ಇರುತ್ತದೆ. ನವೆಂಬರ್‌ನಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣಿನ ನಾಲ್ಕು ಕಡ್ಡಿ ಒದ್ದೆ ಕಾಗದದಲ್ಲಿ ಸುತ್ತಿ ಅಂಚೆಗೆ ಹಾಕಲು ಹೇಳಿ. ಮುಕ್ಕಾಲು ಭಾಗ ಮಣ್ಣಿನೊಳಗೆ ಹೋಗುವಂತೆ ನೆಡಿ.

ರುಬಾರ್ಬ್ ಗಡ್ಡೆಯನ್ನು ಬಾಳೆಕಂದು ಬೇರ್ಪಡಿಸಿದ ಹಾಗೆ ಒಡೆಯಬಹುದು, ಆದರೆ ಚಳಿಗಾಲದಲ್ಲಿ ಮಾತ್ರ. ಒಂದೊಂದು ತುಂಡಿಗೂ ಒಂದು ದಪ್ಪ ಮೊಗ್ಗು ಇರಬೇಕು, ನೆಟ್ಟಾಗ ಮೊಗ್ಗು ಮಣ್ಣಿನ ಮಟ್ಟಕ್ಕೆ ಕಾಣಬೇಕು. ಮೊದಲ ವರ್ಷ ಒಂದು ಕಡ್ಡಿಯನ್ನೂ ಕೀಳಬಾರದು.

ರಾಸ್ಪ್‌ಬೆರಿ ಬಗ್ಗೆ ನನ್ನದೊಂದು ಎಚ್ಚರಿಕೆ. ಚಳಿಗಾಲದಲ್ಲಿ ಅದರ ಮರಿಗಿಡ ತಂದು ನೆಡುವುದು ಸುಲಭ. ನಾನೂ ತಂದೆ, ಬೇರಿಗಂಟಿದ ಮಣ್ಣಿನ ಸಮೇತ. ಮೇ ತಿಂಗಳಿಗೆ ಹೊಸ ಮಡಿಯ ತುಂಬ ಬೈಂಡ್‌ವೀಡ್ ಹಂಬು. ಆ ಕಳೆಯ ಬೇರು ಬೇಯಿಸಿದ ದಪ್ಪ ಶ್ಯಾವಿಗೆ ಇದ್ದ ಹಾಗೆ, ಬೆಳ್ಳಗೆ, ಮುಟ್ಟಿದರೆ ಮುರಿಯುತ್ತದೆ. ಮುರಿದ ಪ್ರತಿ ತುಂಡೂ ಒಂದು ಗಿಡ. ಇವತ್ತಿಗೂ ಕೀಳುತ್ತಲೇ ಇದ್ದೇನೆ. ಹಾಗಾಗಿ ಯಾರಿಂದ ಏನೇ ತಂದರೂ ಬಕೆಟ್ ನೀರಿನಲ್ಲಿ ಬೇರು ಪೂರ್ತಿ ತೊಳೆದು, ಬಿಳಿ ಎಳೆಗಳನ್ನು ಆರಿಸಿ ತೆಗೆದೇ ನೆಡಿ. ಹಳೆಯ ಮಣ್ಣಂತೂ ಬೇಡವೇ ಬೇಡ. ಕೋಸಿನ ಬೇರು ಗಂಟುಗಟ್ಟಿಸುವ ರೋಗ, ಈರುಳ್ಳಿ ಬೆಳ್ಳುಳ್ಳಿಯ ಬಿಳಿ ಕೊಳೆರೋಗ, ಎರಡೂ ಮಣ್ಣಿನ ಜೊತೆ ಪ್ರಯಾಣ ಮಾಡುತ್ತವೆ, ವರ್ಷಗಟ್ಟಲೆ ಸಾಯುವುದಿಲ್ಲ.

ಆಸ್ಪರಾಗಸ್ ಮತ್ತು ಸೇಬು, ಎರಡನ್ನೂ ಬಿಟ್ಟುಬಿಡಿ. ಹೇಳಲು ನನಗೂ ಬೇಜಾರು. ಹಳೆ ಆಸ್ಪರಾಗಸ್ ಕಿತ್ತರೆ ಮತ್ತೆ ಎರಡು ವರ್ಷ ಕಾಯಬೇಕು. ಹೊಸ ಗಡ್ಡೆ ಕೊಂಡರೂ ಅಷ್ಟೇ ಕಾಯುವುದು, ಅದು ಹೆಚ್ಚು ಕಾಲ ಬಾಳುತ್ತದೆ. ಸೇಬಿನ ತಳಿ ಅಷ್ಟು ಇಷ್ಟವಿದ್ದರೆ ಜನವರಿಯಲ್ಲಿ ಒಂದು ಕಡ್ಡಿ ತರಿಸಿಕೊಂಡು ಕಸಿ ಮಾಡಿಸಬಹುದು. ಒಪ್ಪಂದದ ಕಾಗದವನ್ನೂ ಒಮ್ಮೆ ಓದಿ. ಮರ, ಶೆಡ್ ಬಿಡಬೇಕೋ ತೆಗೆಯಬೇಕೋ ಅನ್ನೋದು ಒಂದೊಂದು ಕಡೆ ಒಂದೊಂದು ಥರ.

ರೆಡಿಂಗ್‌ನಲ್ಲಿ ಮುಂದಿನ ವರ್ಷ ಹಿತ್ತಲಿನ ಅತಿ ಹೆಚ್ಚು ಬಿಸಿಲು ಬೀಳುವ ಮೂಲೆಯನ್ನು ಜೋಳಕ್ಕೆ ಇಡಿ. ಒಂದೂವರೆ ಮೀಟರ್ ಚೌಕ ಸಿಕ್ಕರೆ 16 ಗಿಡ ಹಿಡಿಯುತ್ತದೆ. ಏಪ್ರಿಲ್ ಕೊನೆಗೆ ಮನೆಯೊಳಗೆ ಟಾಯ್ಲೆಟ್ ರೋಲ್‌ನ ರಟ್ಟಿನ ಕೊಳವೆಯಲ್ಲಿ ಒಂದೊಂದು ಬೀಜ ಹಾಕಿ. ರಟ್ಟಿನ ಸಮೇತ ನೆಟ್ಟರೆ ಬೇರಿಗೆ ಗೊತ್ತೇ ಆಗುವುದಿಲ್ಲ. ಒಂದು ಗೇಣು ಬಂದಾಗ, ಹಿಮದ ಭಯ ಕಳೆದ ಮೇಲೆ, ಮೇ ಕೊನೆ ಅಥವಾ ಜೂನ್ ಮೊದಲ ವಾರ ನೆಲಕ್ಕೆ ಇಡಿ. ಸ್ವಿಫ್ಟ್ ಅನ್ನೋ ತಳಿ ಇಲ್ಲಿಯ ಗಿಡ್ಡ ಬೇಸಿಗೆಗೆ ಚೆನ್ನಾಗಿ ಹೊಂದುತ್ತದೆ, ನಾನು ಅದನ್ನೇ ಹಾಕುವುದು. ಸೂಪರ್‌ಸ್ವೀಟ್ ಜಾತಿ ಹಾಕುವುದಾದರೆ ಹತ್ತಿರ ಬೇರೆ ಜೋಳ ಬೇಡ. ಪರಾಗ ಬೆರೆತರೆ ಕಾಳು ಗಟ್ಟಿಯಾಗಿ ಸಪ್ಪೆಯಾಗುತ್ತದೆ.

ನನ್ನ ರುಬಾರ್ಬ್ ಗಡ್ಡೆಯನ್ನು ನವೆಂಬರ್‌ನಲ್ಲಿ ಒಡೆಯುತ್ತೇನೆ. ಡರ್ಬಿ ಕಡೆ ಏನಾದರೂ ಬಂದರೆ ಬರ್ಮಿಂಗ್‌ಹ್ಯಾಮ್ ದಾರಿಯಲ್ಲೇ ಸಿಗುತ್ತದೆ. ಇಲ್ಲೇ ಕೆಳಗೆ ಒಂದು ಮಾತು ಹಾಕಿ, ಎರಡು ಮೊಗ್ಗಿನ ಒಳ್ಳೆಯ ತುಂಡು ನಿಮಗೆ ಅಂತ ತೊಳೆದು ಎತ್ತಿಟ್ಟಿರುತ್ತೇನೆ.